ಅಣ್ಣನ ಸುಸ್ತು ಸುಳ್ಳಾಗಿರಲಿಲ್ಲ

"ಎದೇಲಿ ಮಿಷಿನ್ ಐತೆ, ಆದ್ರೂ ನಾಕು ಹೆಜ್ಜೆ ನಡ್ಯಾಕೆ ಕುಂಟು ನೆಪ ಹೇಳ್ತಾನ್ರೀ" ಎಂದು ದಾವಣಗೆರೆಯ ಡಾಕ್ಟರಮ್ಮನ ಮುಂದೆ ಅಣ್ಣನ ಮೇಲೆ ದೂರು ಹೇಳಿದೆ. ಅವರು ಪರೀಕ್ಷೆಯ ಚೀಟಿಯಿಂದ ತಲೆ ಎತ್ತಿ, "ನೆಪ ಅಲ್ಲ ರೀ. ಪೇಸ್‌ಮೇಕರ್ ತಂತಿ ಬಡಿತ ಕೊಡ್ತಿದೆ, ಆದ್ರೆ ಹೃದಯದ ಎಡಭಾಗ, ಬಲಭಾಗ ಒಟ್ಟಿಗೆ ಬಡೀತಿಲ್ಲ. ಅದಕ್ಕೇ ಹೃದಯ ಸೋತಿದೆ" ಎಂದರು.

"ಅಂದ್ರೆ ನನ್ನ ಮಂದೆ ಎರಡು ಹೋಳಾಗಿ ಹೊಂಟೈತೆ ಅನ್ರಿ" ಎಂದು ಅಣ್ಣ ನಕ್ಕ. ಅವನು ಬಿಳಿಚೋಡಿನ ಸುತ್ತ ಕುರಿ ಮೇಯಿಸುವವನು. ನನಗೆ ನಗು ಬರಲಿಲ್ಲ. ಮಿಷಿನ್ ಹಾಕಿಸಿದವರಿಗೆ ಸುಸ್ತೇ ಆಗುವುದಿಲ್ಲ ಎಂದು ನಂಬಿ, ವರ್ಷದಿಂದ ದೂರದ ಗುಡ್ಡಕ್ಕೆ ಅವನನ್ನೇ ಅಟ್ಟುತ್ತಿದ್ದೆ. ಏದುಸಿರು ಬಿಡುತ್ತ ಅರ್ಧಕ್ಕೇ ತಿರುಗಿ ಬಂದಾಗ ಅವನ ಮಕ್ಕಳೆದುರೇ ಮೈಗಳ್ಳ ಎಂದಿದ್ದೆ.

ಹೃದಯದಲ್ಲಿ ಬಡಿತ ತಾನಾಗಿ ಹರಿಯುವ ದಾರಿಯೊಂದಿದೆಯಂತೆ. ಡಾಕ್ಟರಮ್ಮ ಹೊಸ ತಂತಿಯನ್ನು ಅಲ್ಲಿಗೇ ಕೂಡಿಸಿದರು; ಎರಡೂ ಭಾಗ ಮತ್ತೆ ಒಟ್ಟಿಗೆ ಬಡಿಯತೊಡಗಿದವು. ಮೂರು ತಿಂಗಳಲ್ಲಿ ಅಣ್ಣನ ಕಾಲಿನ ಬಾವು ಇಳಿಯಿತು, ಮಲಗಿದರೆ ಉಸಿರು ಕಟ್ಟುವುದು ನಿಂತಿತು.

ನಾನು ಅಂದ ಮಾತನ್ನು ಅಣ್ಣ ಒಮ್ಮೆಯೂ ಎತ್ತಿಲ್ಲ. ತಪ್ಪಾಯಿತು ಎನ್ನಲು ಎದುರು ನಿಂತರೆ ನನಗೆ ಬಾಯಿ ಏಳುವುದಿಲ್ಲ. ದಿನಾ ಬೆಳಿಗ್ಗೆ ಚಹಾ ಅಂಗಡಿಯಲ್ಲಿ ಅವನು ಈ ಪೇಪರನ್ನು ಪೂರ್ತಿ ಓದುತ್ತಾನೆ. ಅದಕ್ಕೇ ಇಲ್ಲಿ ಬರೆದಿದ್ದೇನೆ.