ಕಾಯಿಯಿಲ್ಲದ ಚೀನಾ ಪಲ್ಯ

ಮೇಲೆ ಕಾಯಿತುರಿ ಉದುರಿಸದ ಪಲ್ಯವನ್ನು ಪಲ್ಯವೆಂದು ಒಪ್ಪಿಕೊಳ್ಳಲು ನನ್ನ ನಾಲಿಗೆ ಇಂದಿಗೂ ತಕರಾರು ಮಾಡುತ್ತದೆ. ತಿಪಟೂರು ಸೀಮೆಯ ನಾಲಿಗೆ, ಬೈದು ಪ್ರಯೋಜನವಿಲ್ಲ. ಬಿಳಿಗೆರೆಯ ನಮ್ಮ ಮನೆಯಲ್ಲಿ ಸೊಪ್ಪು ಬೇಯಿಸಿ, ಬಸಿದ ನೀರಿಗೆ ಖಾರ ರುಬ್ಬಿ ಹಾಕಿ ಬಸ್ಸಾರು ಮಾಡುತ್ತಿದ್ದರು. ಉಳಿದ ಸೊಪ್ಪಿಗೆ ಒಗ್ಗರಣೆ, ಮೇಲೆ ಹಿಡಿ ಕಾಯಿತುರಿ. ಸತ್ವವೆಲ್ಲ ಸಾರಿಗೆ ಹೋಯಿತು, ರುಚಿಯೆಲ್ಲ ಕಾಯಿಯದಾಯಿತು. ಸೊಪ್ಪಿನ ಪಾಲಿಗೆ ಉಳಿಯುತ್ತಿದ್ದುದು ಹಸಿರು ಬಣ್ಣ, ಅದೂ ಅರ್ಧ.

ಎಂಬತ್ತರ ದಶಕದ ಶುರುವಿನಲ್ಲಿ ಅಪ್ಪನಿಗೆ ಎದೆನೋವು ಬಂತು. ಆಸ್ಪತ್ರೆಯಿಂದ ಮನೆಗೆ ಕಳುಹಿಸುವಾಗ ಡಾಕ್ಟರು, "ಸೊಪ್ಪು ತಿನ್ನಿ, ಕಾಯಿ ಮುಟ್ಟಬೇಡಿ" ಎಂದರು. ಆ ಕಾಲದ ಡಾಕ್ಟರುಗಳಿಗೆ ತೆಂಗಿನ ಮೇಲೆ ಅದೇನು ಹಗೆಯೋ! ಹುಟ್ಟಿದಂದಿನಿಂದ ತೋಟದಲ್ಲೇ ಬಾಳಿದ ಅಪ್ಪ ಊಟವನ್ನೇ ಬಿಟ್ಟಂತಾದರು. ಅಮ್ಮ ಬಡಿಸಿದ ಬೋಳು ಪಲ್ಯವನ್ನು ನೋಡುವುದು, ತಟ್ಟೆ ಸರಿಸಿ ಏಳುವುದು. ದಿನದಿನಕ್ಕೆ ಇಳಿದುಹೋದರು. ಈ ಮನುಷ್ಯ ನಮಗೆ ಉಳಿಯುತ್ತಾರೋ ಇಲ್ಲವೋ ಎಂದು ಹೆದರಿಕೆಯಾಗಿತ್ತು.

ಆಗ ರಜೆಯ ಮೇಲೆ ಬಂದವರು ಮಿಲಿಟರಿಯಲ್ಲಿದ್ದ ನನ್ನ ಸೋದರಮಾವ. ಕಲ್ಕತ್ತೆಯಲ್ಲಿ ಚೀನೀಯರು ಸೊಪ್ಪು ಬಾಡಿಸುವುದನ್ನು ಕಂಡಿದ್ದರು. ಬಾಣಲೆ ಹೊಗೆಯಾಡುವಷ್ಟು ಕಾಯಬೇಕು. ಒಂದು ಚಮಚ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಶುಂಠಿ. ತೊಳೆದು ನೀರು ಸೋರಿಸಿದ ಸೊಪ್ಪು ಹಾಕಿ ಕೈಬಿಡದೆ ಕೆದಕಿ, ಹಸಿರು ಹೊಳೆಯುತ್ತಿರುವಾಗಲೇ ಉಪ್ಪು ಹಾಕಿ ಇಳಿಸಿಬಿಡಬೇಕು. ಅವರ ಸೊಪ್ಪು ನಮ್ಮಲ್ಲಿ ಎಲ್ಲಿ ಸಿಗಬೇಕು? ಹಿತ್ತಲ ಮೂಲಂಗಿ ಸೊಪ್ಪೇ ಚೀನಾದ್ದಾಯಿತು.

"ನೀರಾಕ್ದೆ ಸೊಪ್ಪು ಬೇಯ್ತದೇನ್ಲಾ?" ಎಂದಳು ಅಮ್ಮ.

"ಬೇಯಿಸ್ಬಾರ್ದು ಕಣಕ್ಕ, ಬಾಡಿಸ್ಬೇಕು. ಸತ್ವ ಅದ್ರಾಗೇ ಉಳೀತದೆ."

ಮಾವ ಹೇಳಿದಂತೆಯೇ ಅಮ್ಮ ಮಾಡಿದಳು. ಇಳಿಸಿದ್ದೂ ಆಯಿತು. ಆಮೇಲೆ, ಮದುವೆಯಾದಂದಿನಿಂದ ಪಲ್ಯ ಇಳಿಸಿದೊಡನೆ ಏನು ಮಾಡುತ್ತಿತ್ತೋ ಅದನ್ನೇ ಅವಳ ಕೈ ಮಾಡಿತು: ನಮಗೆಂದು ತುರಿದಿಟ್ಟಿದ್ದ ಕಾಯಿಯನ್ನು ಹಿಡಿತುಂಬ ಅದರ ಮೇಲೆ ಉದುರಿಸಿತು.

ನಗುವ ಸಂಗತಿಯೇ. ಆದರೆ ನಗು ಬರಲಿಲ್ಲ. ಅಮ್ಮ ಬಾಣಲೆಯ ಮುಂದೆ ಕುಕ್ಕರಿಸಿ, ಸೊಪ್ಪಿಗಂಟಿದ ಬಿಳಿ ಎಳೆಗಳನ್ನು ಒಂದೊಂದಾಗಿ ಆರಿಸತೊಡಗಿದಳು. ಬಿಸಿ ತಗುಲಿ ಬೆರಳು ಹಿಂದಕ್ಕೆಳೆದುಕೊಳ್ಳುವಳು, ಸೆರಗಿನಿಂದ ಕಣ್ಣೊರೆಸಿಕೊಳ್ಳುವಳು, ಮತ್ತೆ ಆರಿಸುವಳು. ಡಾಕ್ಟರು ಪಥ್ಯ ಹೇಳಿದ್ದು ಒಬ್ಬರಿಗೆ. ಹಿಡಿದವರು ಇಬ್ಬರೆಂದು ನನಗೆ ಆಗ ತಿಳಿಯಿತು.

ಊಟಕ್ಕೆ ಕೂತಿದ್ದ ಅಪ್ಪ, ಎಂದಿನಂತೆ ತಟ್ಟೆ ಸರಿಸಿ ಏಳಲೆಂದು ನೆಲಕ್ಕೆ ಕೈಯೂರಿದ್ದವರು, ಅದನ್ನು ನೋಡಿ ಮತ್ತೆ ಕೂತರು.

"ಬುಡು ಕಣೇ, ಅದು ಹುಡುಗ್ರಿಗಿರ್ಲಿ. ನಂಗೆ ಬ್ಯಾರೆ ಬಾಡ್ಸು, ಕುಂತಿರ್ತೀನಿ" ಎಂದು, ಸರಿಸಿದ್ದ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು.