ಗುರುವಾರದ ಬಡೇಸೋಪು

ಮೊನ್ನೆ ಲಿಂಗಸುಗೂರಿನ ಖಾನಾವಳಿಯೊಂದರಲ್ಲಿ ರೊಟ್ಟಿ ಊಟ ಮುಗಿಸಿ ಕೈ ತೊಳೆದು ಬಂದೆ. ದುಡ್ಡು ಕೊಡುವ ಗಲ್ಲೆಯ ಮೇಲೆ ಬಟ್ಟಲಲ್ಲಿ ಬಡೇಸೋಪು ಇಟ್ಟಿದ್ದರು. ಲಿಂಬೆರಸ, ಸೈಂಧವ ಲವಣ ಹಚ್ಚಿ ಹುರಿದದ್ದು. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ ಅಷ್ಟೇ, ಟೀಚರಕ್ಕ ಬಂದು ಎದುರಿಗೆ ನಿಂತಂತಾಯಿತು. ಹೊಟ್ಟೆಕಿಚ್ಚೂ ಜೊತೆಗೇ ಬಂತು. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದಂತೆ. ನನಗೆ ಆಗುತ್ತದೆ, ಏನು ಮಾಡಲಿ?

ನಾನು, ಟೀಚರಕ್ಕ ಇಬ್ಬರೂ ಮನಶ್ಶಾಸ್ತ್ರಜ್ಞರು. ಸಿಂಧನೂರಿನಲ್ಲಿ ಗೊಬ್ಬರದ ಅಂಗಡಿಯೊಂದರ ಮೇಲೆ ಎರಡು ಕೋಣೆ ಹಿಡಿದು ಕ್ಲಿನಿಕ್ ನಡೆಸುತ್ತಿದ್ದೆವು. ನಾನು ಎಂ.ಎಸ್ಸಿ., ಎಂ.ಫಿಲ್. ಬೆನ್ನುಬೆನ್ನಿಗೆ ಮುಗಿಸಿ, ಧಾರವಾಡದ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಮಾಡಿ ಬಂದವಳು. ಅವರು ಹಟ್ಟಿಯಲ್ಲಿ ಚಿನ್ನದ ಗಣಿ ಕಾರ್ಮಿಕರ ಮಕ್ಕಳಿಗೆ ವರ್ಷಾನುಗಟ್ಟಲೆ ಪಾಠ ಹೇಳಿ, ಆಮೇಲೆ ಲಿಂಗಸುಗೂರಿನಲ್ಲಿ ಗಂಡಹೆಂಡಿರ ಜಗಳ ಬಿಡಿಸುವ ಸಮಾಲೋಚನಾ ಕೇಂದ್ರದಲ್ಲಿ ಕೂತು, ತಲೆ ನರೆಯುವ ಹೊತ್ತಿಗೆ ನಾನು ಪಡೆದ ಪದವಿಯನ್ನೇ ಪಡೆದವರು. ಬೋರ್ಡಿನಲ್ಲಿ ನನ್ನ ಹೆಸರು ಮೇಲೆ, ಅವರದು ಕೆಳಗೆ. ಬರೆಸಿದವಳು ನಾನೇ.

ಬೋರ್ಡು ಯಾರು ಓದುತ್ತಾರೆ! ಮನಸ್ಸಿನ ಡಾಕ್ಟರ ಹತ್ತಿರ ಹೊರಟೆ ಎಂದು ನಮ್ಮ ಕಡೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬಸ್ಸಿನಲ್ಲಿ ಬೀಗರು ಸಿಕ್ಕರೆ ಹೇಳಲು ಒಂದು ನೆಪ ಬೇಕು. ಟೀಚರಕ್ಕನ ಹಳೆಯ ನೌಕರಿಯೇ ಆ ನೆಪ. “ಟೀಚರ್ ಕಡೆ ಹೊಂಟೀವ್ರಿ, ಹುಡುಗನ ಸಾಲಿದು ಕೇಳಾಕ” ಎಂದರೆ ಮುಗಿಯಿತು. ಬಂಗಾಲಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಹೆಂಗಸರೂ ಹಾಗೇ ಹೇಳಿ ಬರುತ್ತಿದ್ದರು. ನನ್ನ ಕಡೆ ಬರುವವರಿಗೆ ಯಾವ ನೆಪ? ನಾನು ಮೊದಲಿನಿಂದಲೂ ಹುಚ್ಚರ ಡಾಕ್ಟರು. ಅವರ ಬಾಗಿಲ ಮುಂದೆ ಚಪ್ಪಲಿಗಳ ರಾಶಿ, ನನ್ನ ಬಾಗಿಲ ಮುಂದೆ ನನ್ನದೇ ಒಂದು ಜೋಡು.

ಬಂದವರು ಕೂತ ಕೂಡಲೇ ಟೀಚರಕ್ಕ ಸ್ಟೀಲ್ ಡಬ್ಬಿ ಮುಂದೆ ಸರಿಸುತ್ತಿದ್ದರು. “ಮೊದ್ಲ ಬಡೇಸೋಪು ಬಾಯಾಗ ಹಾಕ್ಕೋರಿ. ಮಾತು ಆಮ್ಯಾಲ.” ಇದು ಯಾವ ಪುಸ್ತಕದಲ್ಲಿದೆ ಎಂದು ನಾನು ಮೂಗು ಮುರಿಯುತ್ತಿದ್ದೆ.

ಆಗ ನಾನು ಅವ್ವನ ಜೊತೆ ಮಸ್ಕಿಯಲ್ಲಿದ್ದೆ. ದಿನಾ ಸಿಂಧನೂರಿನ ಬಸ್ಸು. ಗುರುವಾರ ಮಾತ್ರ ಲಿಂಗಸುಗೂರಿನಲ್ಲಿ ಬಾಡಿಗೆಗೆ ಹಿಡಿದ ಕೋಣೆಯಲ್ಲಿ ಕೂರುತ್ತಿದ್ದೆ. ಅಪ್ಪ ತೀರಿಕೊಂಡ ಮೇಲೆ ಅವ್ವ ಮಾತು ಬಿಟ್ಟವಳಂತೆ ಆಗಿದ್ದಳು. ಉಂಡಿಯೇನು, ಉಂಡೆ... ನಮ್ಮಿಬ್ಬರ ನಡುವೆ ಉಳಿದದ್ದು ಅಷ್ಟೇ.

ಒಂದು ಗುರುವಾರ ಸಂಜೆ ಅವ್ವ ನನಗಿಂತ ತಡವಾಗಿ ಮನೆಗೆ ಬಂದಳು. ಮುಖ ತಿಳಿಯಾಗಿತ್ತು.

“ಎಲ್ಲಿಗೆ ಹೋಗಿದ್ದಿ ಬೇ?”

“ಸಂತೆಕಲ್ಲೂರಿಗೆ. ನಿಮ್ಮ ಚಿಕ್ಕವ್ವನ ಕಡೆ.”

ಎಲೆ ಅಡಿಕೆ ಹಾಕುವ ನಮ್ಮವ್ವನ ಬಾಯಿಂದ ಬಡೇಸೋಪಿನ ವಾಸನೆ ಬಂತು. ಲಿಂಬೆ, ಸೈಂಧವ ಲವಣ, ಎಲ್ಲಾ ಟೀಚರಕ್ಕನ ಡಬ್ಬಿಯದೇ. ನಾನಿಲ್ಲದ ದಿನ ನೋಡಿಕೊಂಡು, ನನ್ನ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿ, ನನ್ನ ಬಾಗಿಲು ದಾಟಿ, ಪಕ್ಕದ ಕೋಣೆಗೆ ಹೋಗಿದ್ದಳು!

ನಮ್ಮವರಿಗೆ ನಾವೇ ಚಿಕಿತ್ಸೆ ಮಾಡಬಾರದು ಎಂಬ ನಿಯಮ ನನಗೆ ಗೊತ್ತಿಲ್ಲವೇ? ಪರೀಕ್ಷೆಯಲ್ಲಿ ಬರೆದು ಪಾಸಾದವಳು. ಹಿತ್ತಲ ಗಿಡ ಮದ್ದಲ್ಲ ಎಂಬುದೂ ಗೊತ್ತು. ಆದರೂ ಉರಿಯಿತು. ನನಗೆ ಒಂದೇ ಒಂದು ಮಾತು ತಿಳಿಯಬೇಕಿತ್ತು. ನನ್ನ ಮುಂದೆ ಆಡಲಾಗದ ಯಾವ ಮಾತನ್ನು ಅವ್ವ ಅಲ್ಲಿ ಆಡುತ್ತಿದ್ದಾಳೆ?

ಮರುದಿನವೇ ಕೇಳಿದೆ. “ಟೀಚರಕ್ಕ, ನಮ್ಮವ್ವ ನಿಮ್ಮ ಕಡೆ ಬರಾಕತ್ಯಾಳೇನ್ರಿ?”

“ಯಾರು ಬರ್ತಾರ, ಯಾರು ಬರಂಗಿಲ್ಲ, ಅದನ್ನ ನಾ ಹೇಳಂಗಿಲ್ಲ. ನೀನೂ ಇದನ್ನ ಓದೀದಿ, ಹೌದಿಲ್ಲ ತಂಗಿ?”

“ನಾ ಆಕಿ ಮಗಳ್ರೀ!”

“ಅದಕ್ಕ ಹೇಳಂಗಿಲ್ಲ.”

ಆಮೇಲೆ ಪ್ರತಿ ಗುರುವಾರ ಅವ್ವನ ಬಾಯಲ್ಲಿ ಅದೇ ವಾಸನೆ. ನನ್ನ ಮೂಗೇ ನನಗೆ ವೈರಿಯಾಯಿತು. ಅವ್ವ ಮತ್ತೆ ಹಾಡಿಕೊಂಡು ರೊಟ್ಟಿ ಬಡಿಯತೊಡಗಿದಳು, ನೆರೆಮನೆಯವರ ಜೊತೆ ನಗತೊಡಗಿದಳು. ಖುಷಿಪಡಬೇಕಿತ್ತು. ಈ ನಗುವನ್ನು ಕೊಟ್ಟವಳು ನಾನಲ್ಲ ಎಂದು ಒಳಗೆ ಕುದಿಯುತ್ತಿದ್ದೆ.

ಮುಂದೆ ಒಂದು ಬೇಸಿಗೆಯಲ್ಲಿ ಅವ್ವ ಹೋದಳು. ಎದೆನೋವು ಎಂದವಳು ಆಸ್ಪತ್ರೆ ಮುಟ್ಟಲಿಲ್ಲ. ಟೀಚರಕ್ಕ ಮಸ್ಕಿಗೆ ಬಂದು ಚಾಪೆಯ ಮೇಲೆ ನನ್ನ ಪಕ್ಕ ಕೂತು ಅತ್ತರು. ನನಗಿಂತ ಹೆಚ್ಚು ಅತ್ತರು. ಹೋದವಳು ಎಂಥವಳೆಂದು ಅವರಿಗೆ ಪೂರಾ ಗೊತ್ತಿತ್ತಲ್ಲ... ಆ ಅಳುವಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

“ಈಗರ ಹೇಳ್ರಿ. ನಮ್ಮವ್ವ ಏನಂತಿದ್ಲು?”

ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. “ಆಕಿ ಹೋದ್ಲಂತ ಆಕಿ ಮಾತು ನಂದಾಗತೈತೇನವಾ?”

ಕೆಲವು ವರ್ಷಗಳಲ್ಲಿ ಸಕ್ಕರೆ ಕಾಯಿಲೆ ಟೀಚರಕ್ಕನನ್ನೂ ತೆಗೆದುಕೊಂಡು ಹೋಯಿತು. ನಮ್ಮವ್ವನ ಮಾತುಗಳೂ ಅವರೊಡನೆ ಹೋದವು.

ಈಗ ಎರಡೂ ಕೋಣೆ ನನ್ನವೇ. ಲಿಂಗಸುಗೂರಿನ ಗುರುವಾರವನ್ನೂ ಬಿಟ್ಟಿಲ್ಲ. ಮೊನ್ನೆ ಖಾನಾವಳಿಯಿಂದ ಆ ಬಡೇಸೋಪನ್ನು ಬಾಯಲ್ಲಿಟ್ಟುಕೊಂಡೇ ಕೋಣೆಗೆ ಬಂದೆ. ಹಟ್ಟಿಯಿಂದ ಬರುವ ಹೆಂಗಸೊಬ್ಬಳು ತನ್ನ ಸರದಿ ಮುಗಿಸಿ ಕೆಳಗಿಳಿದಳು. ಅವಳನ್ನು ಕರೆತಂದಿದ್ದ ಮಗಳು ಮಾತ್ರ ಹಿಂದೆ ಉಳಿದಳು.

“ಮೇಡಂ, ನಮ್ಮವ್ವ ನನ್ನ ಬಗ್ಗೆ ಏನರ ಅಂದ್ಲೇನ್ರಿ?”

“ಅದನ್ನ ನಾ ಹೇಳಂಗಿಲ್ಲವಾ.”

ಹುಡುಗಿ ನನ್ನನ್ನು ಸುಡುವಂತೆ ನೋಡಿದಳು. ಆ ನೋಟ ನನಗೆ ಹೊಸದೇನಲ್ಲ.

“ಅವ್ವನ್ನ ಕೇಳವಾ,” ಎಂದೆ.

ನಾನು ಟೀಚರಕ್ಕನನ್ನು ಕೇಳಿದ್ದೆ, ಮತ್ತೆ ಕೇಳಿದ್ದೆ, ಜಗಳವಾಡುವ ಹಾಗೆ ಕೇಳಿದ್ದೆ. ಒಂದೇ ಮನೆಯಲ್ಲಿದ್ದ ಅವ್ವನನ್ನು ಕೇಳಿರಲಿಲ್ಲ...

ಹುಡುಗಿ ದಡದಡ ಮೆಟ್ಟಿಲಿಳಿದಳು. ಕಿಟಕಿಯಿಂದ ನೋಡಿದೆ. ಅವಳವ್ವ ಆಟೋದಲ್ಲಿ ಪಕ್ಕಕ್ಕೆ ಸರಿದು ಮಗಳಿಗೆ ಜಾಗ ಬಿಟ್ಟಳು. ಹುಡುಗಿ ಕೂತು ಅವ್ವನ ಕಡೆ ತಿರುಗಿ ಏನೋ ಕೇಳಿದಳು. ಆಟೋ ಹಟ್ಟಿಯ ಕಡೆ ಹೊರಟಿತು. ಆ ಹುಡುಗಿಯ ಮೇಲೆ ಪಟ್ಟಷ್ಟು ಹೊಟ್ಟೆಕಿಚ್ಚು ಟೀಚರಕ್ಕನ ಮೇಲೂ ನಾನು ಪಟ್ಟಿರಲಿಲ್ಲ.