ಲಿಫ್ಟಣ್ಣ ಮೆಟ್ಟಿಲು ಹತ್ತಿದ್ದು

ನಮ್ಮ ಕಟ್ಟಡದ ಲಿಫ್ಟು ನನಗಿಂತ ಹಳೆಯದು. ಅದರ ಜಾಲರಿ ಬಾಗಿಲನ್ನು ಕೈಯಿಂದಲೇ ಎಳೆಯಬೇಕು. ಎಳೆಯುವ ರೀತಿ ಗೊತ್ತಿಲ್ಲದಿದ್ದರೆ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಗೊತ್ತಿರುವವನು ಒಬ್ಬನೇ. ಹದಿನೆಂಟು ವರ್ಷದಿಂದ ಅದರೊಳಗೆ ಸ್ಟೂಲಿನ ಮೇಲೆ ಕೂತು ಏಳು ಮಹಡಿಯ ಜನರನ್ನು ಹತ್ತಿಸಿ ಇಳಿಸುವ ಅವನನ್ನು ಎಲ್ಲರೂ ಲಿಫ್ಟಣ್ಣ ಎನ್ನುತ್ತಾರೆ. ಆರನೇ ಮಹಡಿಯಲ್ಲಿ ಟೈಪು ಮಾಡುವ ನಾನೂ ಹಾಗೇ ಕರೆಯುತ್ತೇನೆ, ಅವನು ನನಗಿಂತ ಹದಿನೈದು ವರ್ಷ ಚಿಕ್ಕವನಾದರೂ.

ಏಳು ಮಹಡಿ ಎಂದರೆ ಏಳು ಕಚೇರಿ. ಇವತ್ತು ಒಬ್ಬರ ಹುಟ್ಟುಹಬ್ಬ, ನಾಳೆ ಇನ್ನೊಬ್ಬರ ಬಡ್ತಿ, ನಾಡಿದ್ದು ಯಾರದೋ ಬೀಳ್ಕೊಡುಗೆ. ಕೇಕಿನ ಒಂದು ತುಂಡು ಕಾಗದದ ತಟ್ಟೆಯಲ್ಲಿ ಲಿಫ್ಟಿಗೆ ಬಂದೇ ಬರುತ್ತಿತ್ತು. ಬೇಡ ಎನ್ನುವುದು ಅವನಿಗೆ ಗೊತ್ತೇ ಇರಲಿಲ್ಲ. ಅದರ ಮೇಲೆ ಅಕ್ಕ ಕಟ್ಟಿಕೊಡುವ ಊಟದ ಡಬ್ಬಿ. ತಾಯಿ ತೀರಿಕೊಂಡಾಗ ಅವನಿಗೆ ಮೂರು ವರ್ಷ, ಅಕ್ಕನಿಗೆ ಹದಿಮೂರು. ಅಂದಿನಿಂದ ತುತ್ತಿಟ್ಟು ಸಾಕಿದವಳು ಅವಳೇ. ಇಬ್ಬರೂ ಮದುವೆಯಾಗದೆ ಎರಡು ಕೋಣೆಯ ಮನೆಯಲ್ಲಿ ಉಳಿದುಬಿಟ್ಟರು. ಮಧ್ಯಾಹ್ನ ಒಂದೂವರೆಗೆ ಅವನ ಫೋನು ಹೊಡೆದುಕೊಳ್ಳುತ್ತಿತ್ತು. ಆ ಕಡೆಯಿಂದ ಒಂದೇ ಮಾತು, "ಊಟ ಆಯ್ತೇನೋ?"

ಕಳೆದ ವರ್ಷ ಅಕ್ಕನ ಕಣ್ಣು ಹಳದಿಯಾಯಿತು, ಕಾಲು ಊದಿತು. ಎಂದೋ ಬಂದ ಸೋಂಕು ಒಳಗೇ ಕೂತು ಲಿವರನ್ನು ಹಾಳುಮಾಡಿತ್ತು. ಇನ್ನೊಬ್ಬರ ಲಿವರಿನ ಭಾಗ ಹಾಕಿದರೆ ಮಾತ್ರ ಅವಳು ಬದುಕುತ್ತಾಳೆ ಎಂದರು ಆಸ್ಪತ್ರೆಯಲ್ಲಿ. ಕೊಡಬಲ್ಲವನು ತಮ್ಮನೊಬ್ಬನೇ. ಅವನು ಹಿಂದೆ ಮುಂದೆ ನೋಡಲಿಲ್ಲ. ಆದರೆ ಅವನ ಸ್ಕ್ಯಾನ್ ನೋಡಿದ ಡಾಕ್ಟರಮ್ಮ ಆಗುವುದಿಲ್ಲ ಎಂದುಬಿಟ್ಟರು.

"ನಿಮ್ಮ ಲಿವರಲ್ಲೇ ಕೊಬ್ಬು ತುಂಬ್ಕೊಂಡಿದೆಯಲ್ಲಪ್ಪಾ. ಇದನ್ನ ಹೇಗೆ ತಗೊಳ್ಲಿ?"

"ನಾನು ಒಂದು ತೊಟ್ಟೂ ಕುಡಿಯಲ್ಲ ಡಾಕ್ಟ್ರೇ!"

"ಕುಡೀದೇ ಇದ್ರೂ ಬರುತ್ತೆ. ದಿನವಿಡೀ ಕೂತಿರ್ತೀರಿ, ಸಿಹಿ ತಿಂತೀರಿ, ಕರಿದದ್ದು ತಿಂತೀರಿ. ಹೊಟ್ಟೆ ನೋಡ್ಕೊಳ್ಳಿ. ಇದಕ್ಕೆ ಮಾತ್ರೆ ಬರೆಯಲ್ಲ ನಾನು. ಹಿತಮಿತವಾಗಿ ತಿನ್ನಿ, ದಿನಾ ಬೆವರು ಬರೋ ಹಾಗೆ ನಡೀರಿ. ಎಂಟು ಕೆಜಿ ಇಳಿಸಿ, ಒಳಗಿನ ಕೊಬ್ಬೂ ಕರಗುತ್ತೆ. ಮೂರು ತಿಂಗಳು ನಿಮ್ಮಕ್ಕನ್ನ ನಾನು ಔಷಧಿ ಮೇಲೆ ಕಾಪಾಡ್ತೀನಿ. ಅದಕ್ಕಿಂತ ಜಾಸ್ತಿ ಮಾತು ಕೊಡೋಕಾಗಲ್ಲ."

ಮೊದಲು ಅವನು ಮಾಡಿದ್ದು ಪೆದ್ದುತನ. ಮೂರು ದಿನ ಬರೀ ನೀರು ಕುಡಿದುಕೊಂಡಿದ್ದ. ನಾಲ್ಕನೇ ದಿನ ತಲೆ ಸುತ್ತಿ ಜಾಲರಿಗೆ ಆತುಕೊಂಡು ಕುಸಿದ. ನಾನು ಬಾಯಿಗೆ ಬಂದಂತೆ ಬೈದೆ. ಹಾಗೆ ಹೊಟ್ಟೆಗೆ ಹಾಕದೆ ಇದ್ದರೆ ಲಿವರಿಗೆ ಇನ್ನೂ ಕೆಡುಕು ಎಂದು ಡಾಕ್ಟರಮ್ಮನೂ ಬೈದರಂತೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಮೊದಲರ್ಧ ಅವನಿಗೆ ಗೊತ್ತಿರಲಿಲ್ಲ, ಎರಡನೆಯರ್ಧ ನನಗೆ.

ಆಮೇಲೆ ಸರಿದಾರಿಗೆ ಬಂದ. ಕೇಕಿನ ತಟ್ಟೆಗಳು ಬಂದ ಹಾಗೇ ವಾಪಸು ಹೋದವು. ಚಹಾಕ್ಕೆ ಸಕ್ಕರೆ ನಿಂತಿತು. ಮಧ್ಯಾಹ್ನ ಅರ್ಧ ಗಂಟೆ ಲಿಫ್ಟಿಗೆ ಬೀಗ ಹಾಕಿ ಮೆಟ್ಟಿಲು ಹತ್ತತೊಡಗಿದ. ಮಹಡಿಗೆ ಇಪ್ಪತ್ತೆರಡು ಮೆಟ್ಟಿಲು. ಮೊದಲ ದಿನ ಎರಡನೇ ಮಹಡಿಯಲ್ಲೇ ಏದುಸಿರು ಬಿಡುತ್ತ ಕೂತ. ಮಂಡಿನೋವಿನ ನಾನು ಊಟಕ್ಕೆ ಕೆಳಗಿಳಿಯಲಾಗದೆ ಶಪಿಸಿದ್ದೂ ಉಂಟು.

ತಿಂಗಳು ಕಳೆಯಿತು. ತೂಕದಲ್ಲಿ ಇಳಿದದ್ದು ಅರ್ಧ ಕೆಜಿ. ಅವನ ಮುಖ ಚಿಕ್ಕದಾಯಿತು, ಹೊಟ್ಟೆ ಆಗಲಿಲ್ಲ.

ಅವತ್ತು ಮಧ್ಯಾಹ್ನ ಲಿಫ್ಟಿಗೆ ಬೀಗ ಬೀಳುವ ಮೊದಲೇ ಕೆಳಗಿಳಿದು ಮೆಟ್ಟಿಲ ಮೇಲೆ ಅವನ ಪಕ್ಕ ಕೂತೆ. ಡಬ್ಬಿಯಲ್ಲಿ ಬೇಯಿಸಿದ ತರಕಾರಿ, ಕಾಳು. ಒಂದು ಹುರುಳಿಕಾಯಿ ಎತ್ತಿ ಬಾಯಿಗಿಟ್ಟೆ. ಬೆರಳು ಜಿಡ್ಡಾಯಿತು. ಕಾಳು ಸರಿಸಿ ನೋಡಿದರೆ ತಳದಲ್ಲಿ ಬೆಣ್ಣೆ ಕೆರೆಯಾಗಿ ನಿಂತಿತ್ತು.

"ಇದೇನೋ ಇದು?"

"ಅಕ್ಕನ ಕೈರುಚಿ ಅಂದ್ಕೊಂಡಿದ್ದೆ ಮೇಡಂ," ಎಂದ ಪುಣ್ಯಾತ್ಮ.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಸಂಜೆ ಅವನ ಜೊತೆ ನಾನೇ ಮನೆಗೆ ಹೋದೆ, ಜಗಳಕ್ಕೆ ಸಿದ್ಧಳಾಗಿ. ಅಕ್ಕ ಒಲೆಯ ಪಕ್ಕ ಕುರ್ಚಿಯಲ್ಲಿ ಕೂತು ನಾಳೆಯ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ಕೈ ಕಡ್ಡಿಯಾಗಿತ್ತು. ಅವಳು ಸುಳ್ಳು ಹೇಳಲಿಲ್ಲ.

"ಹೌದು, ನಾನೇ ಹಾಕಿದ್ದು. ಅವನು ಸಣ್ಣಗಾದ್ರೆ ಅವನ ಹೊಟ್ಟೆ ಕುಯ್ತಾರೆ. ನಾನು ತುತ್ತಿಟ್ಟು ಬೆಳೆಸಿದ ಮೈ ಅದು. ನನಗೋಸ್ಕರ ಅದಕ್ಕೆ ಕತ್ತಿ ಹಾಕೋದಾ? ನಾನು ಬದುಕಿದ್ದು ಸಾಕು."

ಅವನು ನೆಲದ ಮೇಲೆ ಕೂತು ಅವಳ ಮಂಡಿಗೆ ತಲೆಯೊರಗಿಸಿದ.

"ಅಕ್ಕಾ, ನಿನ್ ವಿಷಯ ಪಕ್ಕಕ್ಕಿಡು. ಈ ಕೊಬ್ಬು ಹೀಗೇ ಬಿಟ್ರೆ ನನ್ನ ಲಿವರೂ ಒಂದಿನ ನಿನ್ನದರ ಥರ ಆಗಬಹುದು ಅಂದ್ರು ಡಾಕ್ಟ್ರು. ಆವಾಗ ನಂಗೆ ಕೊಡೋಕೆ ಯಾರಿದಾರೆ?"

ಅಕ್ಕನ ಕೈಯಲ್ಲಿದ್ದ ಕಾಯಿ ಕೆಳಗೆ ಬಿತ್ತು. ಬಹಳ ಹೊತ್ತು ಅವನ ತಲೆ ಸವರಿದಳು. ಆಮೇಲೆ ಎದ್ದು, ಗೋಡೆ ಹಿಡಿದು ನಡೆದು, ಬೆಣ್ಣೆಯ ಡಬ್ಬ ತಂದು ನನ್ನ ಕೈಗಿಟ್ಟಳು. "ನೀವು ತಗೊಂಡು ಹೋಗಿಬಿಡಿ ಅಮ್ಮಾ. ನನ್ನ ಕೈ ಸುಮ್ಮನಿರಲ್ಲ."

ಮಾರನೆಯ ದಿನದಿಂದ ಡಬ್ಬಿ ಒಣಗಿತು. ಆಗಾಗ ಅಕ್ಕನೂ ಅವನ ಜೊತೆ ಬಂದು, ಬೀಗ ಹಾಕಿದ ಲಿಫ್ಟಿನ ಮುಂದೆ ಅವನ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಅವನು ಬೆವರಿಳಿಸಿಕೊಂಡು ಬಂದಾಗ "ಎಷ್ಟಾಯ್ತೋ?" ಎನ್ನುವಳು. ಮೂರು ಮಹಡಿ, ಐದು ಮಹಡಿ, ಕಡೆಗೆ ಏಳೂ ಮಹಡಿ ಎರಡೆರಡು ಸಲ. ಸಡಿಲವಾದ ಅವನ ಪ್ಯಾಂಟಿನ ಸೊಂಟವನ್ನು ಅವಳೇ ಹಿಡಿದು ಹೊಲಿದಳು. ಮೂರು ತಿಂಗಳು ತುಂಬುವ ಹೊತ್ತಿಗೆ ಎಂಟೂವರೆ ಕೆಜಿ ಇಳಿದಿದ್ದ. ಹೊಸ ಸ್ಕ್ಯಾನ್ ನೋಡಿ ಡಾಕ್ಟರಮ್ಮ ಅವನ ಬೆನ್ನು ತಟ್ಟಿದರಂತೆ. ಅದನ್ನು ಹೇಳುವಾಗ ಲಿಫ್ಟನ್ನು ಆರರ ಬದಲು ಏಳಕ್ಕೆ ಒಯ್ದಿದ್ದ. ಅವತ್ತು ನಾನು ಬೈಯಲಿಲ್ಲ.

ಆಪರೇಷನ್ ದಿನ ಬೆಳಿಗ್ಗೆ ಆಸ್ಪತ್ರೆಗೆ ಹೋದೆ. ಅಕ್ಕಪಕ್ಕದ ಮಂಚಗಳಲ್ಲಿ ಇಬ್ಬರೂ ಖಾಲಿ ಹೊಟ್ಟೆಯಲ್ಲಿ ಮಲಗಿದ್ದರು. ಅಕ್ಕ ಅಭ್ಯಾಸಬಲದಿಂದ ಅವನ ಕಡೆ ತಿರುಗಿ "ಊಟ ಆಯ್ತೇನೋ?" ಎಂದುಬಿಟ್ಟಳು.

"ಇಲ್ಲಕ್ಕಾ. ನಿಂದು?"

"ನಂದೂ ಇಲ್ಲ."

ಇಬ್ಬರೂ ನಕ್ಕರು. ನಾನು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಎರಡು ದಿನದ ಮೇಲೆ ಅಕ್ಕನಿಗೆ ಸರಿಯಾಗಿ ಎಚ್ಚರವಾಯಿತು. ಅವಳು ನರ್ಸಿನ ಕೈ ಹಿಡಿದು ಕೇಳಿದ ಮೊದಲ ಮಾತು, "ನನ್ನ ತಮ್ಮಂಗೆ ಊಟ ಕೊಟ್ರಾ?"

ಕೊಟ್ಟಿದ್ದೇವೆ ಎಂದಳಂತೆ ನರ್ಸು. ಅಕ್ಕ ಅವಳ ಕೈ ಬಿಡಲಿಲ್ಲ.

"ಬೆಣ್ಣೆ ಹಾಕಿಲ್ಲ ತಾನೆ?"